ಸೀಮೆಸುಣ್ಣದ ಗೆರೆ

ಮೂರನೇ ದಿನವೂ ಮೆಕ್ಯಾನಿಕ್ ಸುತ್ತಿಗೆಯಿಂದ ಪಿನ್ನನ್ನು ಮೆಲ್ಲಗೆ ಎರಡು ಸಲ ತಟ್ಟಿ, "ಇನ್ನೂ ಜಾಮ್ ಆಗೇ ಇದೆ ಮೇಡಂ. ಒಂದು ಟೀ ಸಿಗುತ್ತಾ?" ಎಂದ.

ಅವಳ ಮೈಯೆಲ್ಲ ಉರಿಯಿತು. ಅವಳಿಗಿದ್ದದ್ದು ಮಣ್ಣು ಅಗೆಯುವ ಒಂದೇ ಒಂದು ಯಂತ್ರ, ಓಡಿಸುವವಳೂ ಅವಳೇ. ಸಿಲಿಂಡರಿನ ಸೀಲು ಹೋಗಿ ಎಣ್ಣೆ ಸೋರುತ್ತಿತ್ತು. ಸೀಲು ಬದಲಿಸಲು ಸಿಲಿಂಡರ್ ಇಳಿಸಬೇಕು, ಇಳಿಸಲು ತುಕ್ಕು ಹಿಡಿದು ಕಚ್ಚಿಕೊಂಡ ಆ ಪಿನ್ ಹೊರಗೆ ಬರಬೇಕು. ನಾಳೆ ಬೆಳಿಗ್ಗೆ ಹೊಸ ಕೆಲಸ ಶುರು.

ಹಿಂದಿನ ಮೆಕ್ಯಾನಿಕ್ ಚೆನ್ನಾಗಿದ್ದ ಪಂಪನ್ನೇ ಕೆಟ್ಟಿದೆಯೆಂದು ನಂಬಿಸಿ ಟೋಪಿ ಹಾಕಿದ್ದ. ಅಂದಿನಿಂದ ಸ್ಪ್ಯಾನರ್ ಹಿಡಿದವರನ್ನು ಕಂಡರೆ ಅವಳಿಗೆ ಅನುಮಾನ. ಈತನ ನಗು ಬೇರೆ ಚೆನ್ನಾಗಿತ್ತು. ಅದು ಇನ್ನೊಂದು ಅನುಮಾನ.

ಹಾಗಾಗಿ ನಿನ್ನೆ ಮಧ್ಯಾಹ್ನ ಅವನು ಕೈ ತೊಳೆಯಲು ಹೋದಾಗ, ಪಿನ್ನಿನ ತಲೆಯಿಂದ ಪಕ್ಕದ ಕಬ್ಬಿಣದವರೆಗೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದಿದ್ದಳು. ಈಗ ಬಗ್ಗಿ ನೋಡಿದಳು. ಗೆರೆ ಎರಡು ತುಂಡಾಗಿ, ಒಂದು ತುಂಡು ಬೆರಳಗಲ ಸರಿದಿತ್ತು. ಪಿನ್ ತಿರುಗಿದೆ!

"ನನ್ನ ಕಿವಿಗೆ ಹೂ ಇಡ್ತಿದ್ದೀರಾ? ಇದು ಯಾವಾಗ ಬಿಟ್ಕೊಂಡಿದ್ದು?"

ಅವನ ಮುಖ ಕೆಂಪಾಯಿತು. "ನಿನ್ನೆ ಸಂಜೆ."

"ಮತ್ತೆ ಸುಳ್ಳು ಯಾಕೆ?"

"ಸೀಲ್ ಕಿಟ್ ಬರೋದೇ ಇವತ್ತು ಹನ್ನೊಂದಕ್ಕೆ. ಮೊದಲೇ ಬಿಚ್ಚಿಟ್ರೆ ಸಿಲಿಂಡರ್ ಒಳಗೆ ಧೂಳು ಹೋಗುತ್ತೆ. ಆದ್ರೆ ಪಿನ್ ಬಿಡ್ತು ಅಂದಿದ್ರೆ, ಕಿಟ್ ಬಂದ್ಮೇಲೆ ಬನ್ನಿ ಅಂತ ಕಳಿಸ್ಬಿಡ್ತಿದ್ರಿ. ಬೆಳಿಗ್ಗೆ ಬರೋಕೆ ಒಂದು ನೆಪ ಬೇಕಿತ್ತು."

"ಯಾರನ್ನ ನೋಡೋಕೆ, ಪಿನ್ನನ್ನಾ?"

"ನಿಮ್ಮನ್ನ."

ಆದರೂ ಅವಳು ಬಿಡಲಿಲ್ಲ, ಅವನ ಮುಂದೆಯೇ ಬಿಡಿಭಾಗಗಳ ಅಂಗಡಿಗೆ ಫೋನ್ ಮಾಡಿದಳು.

"ಹನ್ನೊಂದಕ್ಕೆ ಬರುತ್ತಮ್ಮ," ಅಂಗಡಿಯವನು ರೇಗಿದ. "ನಿಮ್ಮ ಮೆಕ್ಯಾನಿಕ್ ಮೂರು ದಿನದಿಂದ ನನ್ನ ತಲೆ ತಿಂತಿದ್ದಾರೆ. ಬೇಗ ತರಿಸಿ, ಮೇಡಂ ಕೆಲಸ ನಿಲ್ಲಬಾರದು ಅಂತ."

ಅವಳು ಫೋನ್ ಇಟ್ಟಳು. ಅವನು ಚಪ್ಪಲಿಯ ತುದಿಯಿಂದ ನೆಲ ಕೆರೆಯುತ್ತಿದ್ದ.

ಕಿಟ್ ಬಂತು. ನಾಲ್ಕೇ ಏಟಿಗೆ ಪಿನ್ ಹೊರಬಿತ್ತು. ಸಂಜೆಯ ಹೊತ್ತಿಗೆ ಯಂತ್ರದ ತೋಳು ಒಂದು ಹನಿಯೂ ಸೋರದೆ ಮೇಲೆದ್ದಿತು. ಅವಳು ಯಂತ್ರದಿಂದ ಕೆಳಗಿಳಿದು ಬಂದು ಹಳೆಯ ಗೆರೆಯನ್ನು ಹೆಬ್ಬೆರಳಿನಿಂದ ಒರೆಸಿದಳು.

"ಇನ್ಮೇಲೆ ಏನೂ ಜಾಮ್ ಆಗದಿದ್ರೂ ಬನ್ನಿ. ಆದ್ರೆ ಸುಳ್ಳು ಹೇಳ್ಕೂಡದು."

"ಹಾಗಾದ್ರೆ ಇನ್ನೊಂದನ್ನೂ ಒಪ್ಕೊಂಡ್ಬಿಡ್ತೀನಿ," ಎಂದ ಅವನು. "ನಂಗೆ ಟೀ ಅಂದ್ರೆ ಆಗೋದೇ ಇಲ್ಲ."

ಮೂರು ದಿನದಲ್ಲಿ ಅವನು ತಳ ಕಾಣುವವರೆಗೆ ಕುಡಿದ ಹನ್ನೊಂದು ಲೋಟಗಳು ಅವಳಿಗೆ ನೆನಪಾದವು. ಆಗ ಅವಳು ಅವನನ್ನು ಪೂರ್ತಿ ನಂಬಿದಳು.