ಇನ್ನೊಬ್ಬರ ತೋಳಿನ ಭಾರ

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಡಾ. ಶಾಹೀನ್ ಮುಲ್ಲಾ ಕುಳಿತಲ್ಲಿಯೇ ತಮ್ಮ ಬಲ ಮೊಣಕೈಯನ್ನು ಮೆಲ್ಲಗೆ ಮಡಿಸಿದರು. ದೂರದ ಕಪ್ಪತಗುಡ್ಡದಲ್ಲಿ ಫಕೀರೇಶನ ಮೊಣಕೈಯೂ ಅಷ್ಟೇ ಮಡಿಯಿತು.

"ನೋವೈತೇನು?" ಪರದೆಯ ಮೇಲಿದ್ದ ಅವನನ್ನು ಅವರು ಕೇಳಿದರು.

"ಏನಿಲ್ರಿ."

"ಸುಳ್ಳು ಹೇಳಬ್ಯಾಡ. ನನ್ನ ತೋಳಿಗೆ ಗೊತ್ತಾಗಾಕತ್ತೈತಿ."

ಫಕೀರೇಶ ಕಪ್ಪತಗುಡ್ಡದ ಗಾಳಿಯಂತ್ರಗಳ ದುರಸ್ತಿಗಾರ. ಭಾರವಾದ ಹಲ್ಲುಗಾಲಿಯೊಂದನ್ನು ಎತ್ತುವಾಗ, ತೋಳಿನ ಸ್ನಾಯುವನ್ನು ಮೊಣಕೈ ಕೆಳಗಿನ ಮೂಳೆಗೆ ಬಿಗಿಯುವ ಸ್ನಾಯುರಜ್ಜು ಹರಿದಿತ್ತು. ಶಾಹೀನ್ ಅದನ್ನು ಮತ್ತೆ ಮೂಳೆಗೆ ಹೊಲಿದು, ಹೊಲಿಗೆಯೊಳಗೆ ಎಳೆತವನ್ನು ಅಳೆಯುವ ಸಂವೇದಕ ಎಳೆಗಳನ್ನು ಸೇರಿಸಿದ್ದರು. ಅವರೇ ರೂಪಿಸಿದ ಜೋಡಿಪಟ್ಟಿ ಇಬ್ಬರ ತೋಳಿಗೂ ಇತ್ತು. ವ್ಯಾಯಾಮದ ಹೊತ್ತಿನಲ್ಲಿ ಅವರು ಮಡಿಸಿದಷ್ಟೇ ಅವನ ತೋಳನ್ನೂ ಅದು ಮಡಿಸುತ್ತಿತ್ತು. ಅವನ ರಜ್ಜು ಅನುಭವಿಸಿದ್ದನ್ನು ಅವರ ತೋಳೂ ಅನುಭವಿಸುತ್ತಿತ್ತು. ಎಳೆತ ಮಿತಿ ಮೀರಿದಾಗ ಶಾಹೀನ್ ಗುಂಡಿಯೊಂದನ್ನು ಒತ್ತಿದರೆ ಸಾಕು, ಅವನ ಕೈ ಸಡಿಲಗೊಳ್ಳುತ್ತಿತ್ತು. ಹಿಡಿದದ್ದು ಬಿದ್ದರೂ ಹೊಲಿಗೆ ಉಳಿಯುತ್ತಿತ್ತು.

ಮರುವಾರ ಮಧ್ಯಾಹ್ನ ಶಾಹೀನರ ತೋಳನ್ನು ಯಾರೋ ಜಗ್ಗಿದಂತಾಯಿತು. ಮೇಜಿನ ಅಂಚು ಹಿಡಿಯದಿದ್ದರೆ ಅವರು ಬಿದ್ದೇಬಿಡುತ್ತಿದ್ದರು. ಎಚ್ಚರಿಕೆಯ ಗಂಟೆ ಅರಚತೊಡಗಿತು.

"ಏನೂ ಎತ್ತಬ್ಯಾಡ ಅಂತ ಹೇಳಿದ್ದೆ!" ಸಿಟ್ಟಿನಿಂದ ಅವರ ಹೆಬ್ಬೆರಳು ಗುಂಡಿಯ ಮೇಲೆ ಹೋಯಿತು.

ಆದರೆ ಒತ್ತಲಿಲ್ಲ. ಆ ಭಾರ ಕಬ್ಬಿಣದಂತೆ ಸುಮ್ಮನೆ ತೂಗುತ್ತಿರಲಿಲ್ಲ. ತಡವರಿಸುತ್ತಿತ್ತು. ಒಮ್ಮೆ ಜಾರಿ, ಮತ್ತೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತಿತ್ತು.

"ಮೇಡಂ, ಹೊಲಿಗಿ ಹರೀತೈತಿ, ಒತ್ರಿ!" ಸಹಾಯಕಿ ಕೂಗಿದಳು.

"ಬ್ಯಾಡ. ಅವನ ಕೈಯಾಗ ಯಾರೋ ಮನಶ್ಯಾರು ಅದಾರ."

ನೋವು ಭುಜದವರೆಗೆ ಏರಿತು. ಶಾಹೀನ್ ಹಲ್ಲು ಕಚ್ಚಿ ನಿಂತರು. ಒಳಗೆ ಏನೋ ಪಟ್ಟನೆ ಹರಿಯಿತು. ತೋಳು ಬರಿದಾಯಿತು.

ಬಿದ್ದರೋ, ಬದುಕಿದರೋ? ಫಕೀರೇಶನಿಗೆ ಎಷ್ಟು ಸಲ ಫೋನು ಮಾಡಿದರೂ ರಿಂಗಾಗುತ್ತಲೇ ಇತ್ತು. ಕೊನೆಗೆ ಏದುಸಿರಿನ ಹೆಣ್ಣು ದನಿಯೊಂದು ಕೇಳಿಸಿತು.

"ನಾ ಗಿರಿಜಾರೀ, ಫಕೀರೇಶನ ಜೋಡಿ ಕೆಲಸ ಮಾಡಾಕಿ. ಅಂವಾ ಬರೇ ಕೆಲಸ ತೋರ್ಸಾಕ ಮ್ಯಾಲ ಬಂದಿದ್ದ. ಗಾಳಿಯಂತ್ರದ ಗೋಪುರದಾಗ ಏಣಿ ಮೆಟ್ಲ ಕಿತ್ತು ಬಂತು. ನನ್ನ ಕೈ ಹಿಡಕೊಂಡ. ನಾ ಮ್ಯಾಲ ಹತ್ತೂತನಕಾ ಬಿಡಲಿಲ್ರೀ."

ಫಕೀರೇಶನಿಗೆ ಎರಡನೆಯ ಶಸ್ತ್ರಚಿಕಿತ್ಸೆ ಬೇಕಾಯಿತು. ಅದನ್ನು ಮಾಡಿದವರು ಬೇರೆ ವೈದ್ಯರು. ಶಾಹೀನರ ಬಲಗೈಯಲ್ಲಿ ಚಿಮಟ ಹಿಡಿಯುವಷ್ಟೂ ಬಲವಿರಲಿಲ್ಲ. ಸ್ಕ್ಯಾನಿನಲ್ಲಿ ಅವರ ರಜ್ಜು ಇಡಿಯಾಗಿಯೇ ಇತ್ತು. ಆದರೂ ಅದು ಹರಿದಿದೆಯೆಂದೇ ಅವರ ಮಿದುಳು ನಂಬಿಬಿಟ್ಟಿತ್ತು. ಜೋಡಿಪಟ್ಟಿ ಹೀಗೂ ಮಾಡಬಹುದೆಂದು ಯಾರೂ ಊಹಿಸಿರಲಿಲ್ಲ.

ಹೊಲಿಗೆ ಮಾಗಿದ ಮೇಲೆ ಫಕೀರೇಶ ವ್ಯಾಯಾಮದ ಕೋಣೆಗೆ ಬಂದ. ಮೂಲೆಯ ಕುರ್ಚಿಯಲ್ಲಿ ಶಾಹೀನ್ ತೋಳು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು. ಅವನು ಎದುರಿಗೆ ಕುಳಿತು, ಪಟ್ಟಿಯಿಲ್ಲದ ಬರಿಗೈಯನ್ನು ಅವರ ಮುಂದೆ ಚಾಚಿದ.

"ನನ್ನ ಕೈ ಹಿಡೀರಿ ಡಾಕ್ಟರ. ಇಬ್ರೂ ಕೂಡೇ ಮಡಚೂಣು."

ಅವರು ಹಿಡಿದರು. ಮೊದಲು ಮಡಿದದ್ದು ಯಾರ ಮೊಣಕೈಯೆಂದು ಇಬ್ಬರಿಗೂ ತಿಳಿಯಲಿಲ್ಲ.