ಅಣ್ಣನ ಕೋಣೆಯ ಹಾಟ್‌ಸ್ಪಾಟ್

ನಮ್ಮ ಮೊಬೈಲ್ ಕಂಪನಿ ಹಾಟ್‌ಸ್ಪಾಟ್ ಹಾಕಲು ಬಿಡುವುದಿಲ್ಲ. ಯಾರೋ ಹೇಳಿಕೊಟ್ಟ ಉಪಾಯದಿಂದ ಹಾಕಿದೆ. ನೆಟ್ ಹತ್ತಿದ್ದು ತೀರಿಹೋದ ಅಣ್ಣನ ಕೋಣೆಯಲ್ಲಿ ಮಾತ್ರ. ಬದುಕಿದ್ದಾಗ "ಅಣ್ಣ, ಸ್ವಲ್ಪ ನೆಟ್ ಕೊಡೋ" ಎಂದರೆ ನನ್ನ ಮುಖಕ್ಕೇ ಧಡಾರನೆ ಬಾಗಿಲು ಹಾಕಿಕೊಳ್ಳುತ್ತಿದ್ದ ಪುಣ್ಯಾತ್ಮ.

ಅಲ್ಲೇ ಕೂತು ಲ್ಯಾಪ್‌ಟಾಪಿನಲ್ಲಿ ಗಿರಾಕಿಗಳಿಗೆ ವಿಡಿಯೋ ಎಡಿಟ್ ಮಾಡಿ ಕಳಿಸತೊಡಗಿದೆ. ಹಾಟ್‌ಸ್ಪಾಟ್ ಹಾಕಿದರೆ ಫೋನ್ ಬಿಸಿಯಾಗಬೇಕು. ಇದು ಕೈ ಕೊರೆಯುವಷ್ಟು ತಣ್ಣಗಿರುತ್ತಿತ್ತು.

"ರೀ, ಇದನ್ನ ಮುಟ್ಟೋಕೇ ಆಗ್ತಿಲ್ಲ," ಎಂದು ಹೆಂಡತಿ ಕೈ ಕೊಡವಿದಳು.

ಡೇಟಾ ಚೂರೂ ಖರ್ಚಾಗದ್ದು ಕಂಡು ನಿನ್ನೆ ಕಂಪನಿಗೆ ಫೋನ್ ಮಾಡಿದೆ.

"ಸರ್, ನಿಮ್ಮ ನಂಬರಿಗೆ ಹಾಟ್‌ಸ್ಪಾಟ್ ಮೊದಲಿಂದಲೂ ಬ್ಲಾಕ್ ಆಗಿದೆ. ಅದರಿಂದ ಡೇಟಾ ಏನೂ ಹೋಗಿಲ್ಲ," ಎಂದಳು ಅಲ್ಲಿಯವಳು.

ಫೋನನ್ನೇ ಆಫ್ ಮಾಡಿದೆ. ಲ್ಯಾಪ್‌ಟಾಪಿನಿಂದ ವಿಡಿಯೋ ಹೋಗುತ್ತಲೇ ಇತ್ತು. ಎದ್ದು ಹೊರಗೆ ಬಂದು ತಿರುಗಿ ನೋಡಿದೆ. ಬಾಗಿಲು ಎಂದಿನಂತೆ ನನ್ನ ಮುಖಕ್ಕೇ ಧಡಾರನೆ ಹಾಕಿಕೊಂಡಿತು.