ಕೂಡದ ಗೆರೆ

“ನೋಡ್ರಿ, ಫೋಟೋ ತಕ್ಕೋರಿ, ಬೇಕಾದ್ದು ಬರೀರಿ. ಆದ್ರ ಆ ಸಂದು ಮಾತ್ರ ಮುಚ್ಚಬ್ಯಾಡ್ರಿ ಮೇಡಮ್. ನನ್ನ ಮಗಳ ಉಸಿರು ಅದರಾಗಿಂದ ಬರತೈತಿ.”

ಕರೀಮಾಬಿಯ ಮಾತಿಗೆ ಸುಕನ್ಯಾ ನಕ್ಕುಬಿಟ್ಟಳು. ಮೈಸೂರಿನವಳು. ಸಿಂಧನೂರಿನ ಕಾಲೇಜಿಗೆ ಚಿತ್ರಕಲೆ ಕಲಿಸಲು ಬಂದು ಎರಡು ತಿಂಗಳೂ ಆಗಿರಲಿಲ್ಲ. ಕರೀಮಾಬಿಯ ಗಂಡ, ಅಂಗಡಿಗಳ ಬೋರ್ಡು ಬರೆದು ಬದುಕಿದ ಮಕ್ತುಮ್‌ಸಾಬ್, ಸಾಯುವ ತನಕ ಯಾರಿಗೂ ತೋರಿಸದ ಮಸಿಚಿತ್ರಗಳ ಕಟ್ಟು ಈಗ ಅವಳ ಮುಂದಿತ್ತು. ಮುಖದ ಜಾಗದಲ್ಲಿ ಬಾಗಿಲಿರುವ ಹೆಂಗಸರು, ತ್ರಿಕೋನದೊಳಗೊಂದು ಕಣ್ಣು, ರೆಕ್ಕೆ ಬಂದ ಬಾವಿ. ಎಲ್ಲಕ್ಕೂ ಅವಳ ಬಳಿ ಅರ್ಥ ಸಿದ್ಧವಿತ್ತು. ಕೊನೆಯ ಹಾಳೆಯೊಂದೇ ಯಾವ ಅರ್ಥಕ್ಕೂ ಬಗ್ಗಲಿಲ್ಲ. ನಡುವೆ ಮಲಗಿದ ಹುಡುಗಿ. ಅವಳ ಬಾಯಿಂದ ಹೊರಟ ಓಣಿ ಏಳು ಚೌಕ ಸುತ್ತಿ, ಹೊರಗೆರೆಯಲ್ಲಿ ಉಗುರಿನಷ್ಟು ಬಿಟ್ಟ ಸಂದಿಗೆ ಬಂದು ಮುಟ್ಟುತ್ತಿತ್ತು.

“ನನ್ನ ಮಗಳು ಜೈನಾಬೀಗೆ ಮಾಟ ಮಾಡಿಸಿದ್ರು. ಅವರಪ್ಪ ಅದನ್ನ ಇದರಾಗ ಹಿಡಿದು ಕುಂದ್ರಿಸ್ಯಾರ.”

“ಆಸ್ತಮಾ ಇರಬೇಕು, ಡಾಕ್ಟರಿಗೆ ತೋರಿಸಿ.”

ಕರೀಮಾಬಿ ಚಹಾ ಕಾಸಲು ಎದ್ದಳು. ಹಿತ್ತಲಾಚೆ ರೈಸ್‌ಮಿಲ್ಲು ಗುಡುಗುಡು ಎನ್ನುತ್ತಿತ್ತು. ಸುಟ್ಟ ಹೊಟ್ಟಿನ ವಾಸನೆ. ಒಳಕೋಣೆಯಿಂದ ಜೈನಾಬೀಯ ಗೊರಗೊರ ಉಸಿರು.

ಸುಕನ್ಯಾಳ ಕಣ್ಣು ಆ ಸಂದಿಯನ್ನು ಬಿಟ್ಟು ಕದಲಲಿಲ್ಲ. ರಂಗೋಲಿಯ ಗೆರೆ ಕೂಡದಿದ್ದರೆ ಮನೆಗೆ ಒಳ್ಳೆಯದಲ್ಲವೆಂದು ಅಮ್ಮ ಚಿಕ್ಕಂದಿನಲ್ಲಿ ಕೈಮೇಲೆ ಹೊಡೆದು ಕಲಿಸಿದ್ದಳು. ಮಾಟಕ್ಕೆ ನಕ್ಕವಳ ಕೈ ಆ ಪಾಠವನ್ನು ಮರೆತಿರಲಿಲ್ಲ. ಪೆನ್ನು ತಾನಾಗಿಯೇ ಇಳಿಯಿತು. ಗೆರೆ ಕೂಡಿತು.

ಕರೆಂಟು ಹೋಯಿತು. ಮಿಲ್ಲು ನಿಂತಿತು. ಆ ಮೌನದಲ್ಲಿ ಉಸಿರೂ ಇರಲಿಲ್ಲ.

“ಏನ್ ಮಾಡಿದಿ ಬೇ!”

ಕರೀಮಾಬಿ ಕೂಗುತ್ತ ಒಳಗೆ ಓಡಿದಳು. ಹುಡುಗಿಯ ತುಟಿ ನೀಲಿ. ಕಣ್ಣು ತೆರೆದೇ ಇದ್ದವು. ಕರೀಮಾಬಿ ವಾಪಸ್ ಬಂದು, ಗೂಡಿನ ಬ್ಲೇಡು ತೆಗೆದು ಗೆರೆ ಕೆರೆದಳು. ಗಾಜಿನ ಮೇಲೆ ಜಾರಿದಂತೆ ಜಾರಿತು. ಮಸಿ ಅಲುಗಲಿಲ್ಲ.

“ಸಂದು ಮುಚ್ಚಿದ ಕೈನಽ ಅದನ್ನ ತೆಗೀಬೇಕು. ತೆಗಿ!”

ಸುಕನ್ಯಾ ಕೆರೆದಳು. ಬೆರಳು ಕೊಯ್ದುಕೊಂಡಿತು. ಕೆರೆದಳು. ಕೂದಲೆಳೆಯಷ್ಟು ಬಿಳುಪು ಕಂಡಿತು. ಒಳಗೆ ಗೊರ್ ಎಂದು ಉಸಿರು ಎಳೆದ ಸದ್ದು. ಸುಕನ್ಯಾ ಗೋಡೆಗೆ ಒರಗಿ ಅತ್ತಳು.

ಮರುದಿನ ಮಧ್ಯಾಹ್ನ ಸಂದಿಯ ಎರಡೂ ತುದಿಯಿಂದ ಮಸಿ ಒಸರಿ ಮತ್ತೆ ಕೂಡತೊಡಗಿತ್ತು. ಅದರ ಮರುದಿನವೂ.

ಅದಾಗಿ ಈಗ ಐದು ತಿಂಗಳು. ಸುಕನ್ಯಾ ರಜೆಗೆ ಊರಿಗೆ ಹೋಗಿಲ್ಲ, ಆ ಚಿತ್ರಗಳ ಬಗ್ಗೆ ಲೇಖನ ಬರೆದಿಲ್ಲ. ದಿನಾ ಮಧ್ಯಾಹ್ನ ಬಂದು ಕೂತು, ಉಸಿರು ಬಿಗಿಹಿಡಿದು, ಹಗುರವಾಗಿ ಕೆರೆಯುತ್ತಾಳೆ. ಕರೀಮಾಬಿ ಚಹಾ ತಂದಿಡುತ್ತಾಳೆ.

ಇವತ್ತು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಸಂದಿಯ ಹತ್ತಿರ ಕಾಗದ ಎಷ್ಟು ತೆಳ್ಳಗಾಗಿತ್ತೆಂದರೆ, ಅದರೊಳಗಿಂದ ಅವಳ ಬೆರಳು ಕಾಣುತ್ತಿತ್ತು.